ಎರಡಚ್ಚಿನ ನಾಣ್ಯ

ನನ್ನ ಗಂಡನಿಗೆ ಚಿಲ್ಲರೆ ಕೊಡುವ ಮುನ್ನ ಅಂಗಡಿಯವರು ಹತ್ತು ಸಲ ಯೋಚಿಸುತ್ತಾರೆ. ಕೊಟ್ಟಿದ್ದನ್ನು ಸುಮ್ಮನೆ ಜೇಬಿಗೆ ಹಾಕುವ ಪೈಕಿಯಲ್ಲ ಈ ಮಹಾರಾಯರು. ಒಂದೊಂದು ನಾಣ್ಯವನ್ನೂ ಎರಡು ಬೆರಳಲ್ಲಿ ಹಿಡಿದು ಪಕ್ಕಕ್ಕೆ ತಿರುಗಿಸಬೇಕು. ಹಿಂಬದಿಯ ಅಂಕಿ ನೆಟ್ಟಗೆ ನಿಲ್ಲದೆ ವಾರೆಯಾದರೆ ಟಂಕಸಾಲೆಯವರ ಅಚ್ಚು ತಪ್ಪಿದೆ ಎಂದರ್ಥವಂತೆ, ಅಂಥ ನಾಣ್ಯಕ್ಕೆ ಭಾರೀ ಬೆಲೆಯಂತೆ. ಆಮೇಲೆ ಅಂಚು, ಆಮೇಲೆ ಅಕ್ಷರ. ಹಿಂದೆ ನಿಂತವರು ಗೊಣಗಿದರೆ ಅನ್ನಿಸಿಕೊಳ್ಳುವವಳು ನಾನು. ಮದುವೆಯಾದಾಗಿನಿಂದ ಇದೇ ಗೀಳು, ಸಿಕ್ಕಿದ್ದು ಮಾತ್ರ ದೊಡ್ಡ ಸೊನ್ನೆ.

ಅವರದು ಗಡಿಯಾರ ರಿಪೇರಿ ಕಸುಬು, ಮನೆಯ ಮುಂಭಾಗದಲ್ಲೇ ಅಂಗಡಿ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂದಲೆಳೆಯಂಥ ಸ್ಪ್ರಿಂಗು ಕೂರಿಸುತ್ತಾರೆ. ಆ ಕಣ್ಣಿನಿಂದಲೇ ನಮ್ಮ ಒಲೆ ಉರಿಯುವುದು. ಈಚೆಗೆ ಒಂದೊಂದು ಕೈಗಡಿಯಾರಕ್ಕೂ ಗಂಟೆಗಟ್ಟಲೆ ತಿಣುಕುತ್ತಿದ್ದರು. "ಕಣ್ಣು ತೋರಿಸ್ಕೊಂಡು ಬರೋಣ ರೀ" ಎಂದರೆ ಮುಖ ಊದಿಸಿಕೊಳ್ಳುತ್ತಿದ್ದರು. ನನಗೆ ಒಳಗೊಳಗೇ ಪುಕುಪುಕು.

ಮೊನ್ನೆ ಬೆಳಿಗ್ಗೆ ಅಂಗಡಿಯಿಂದ ಕೂಗಿದರು. "ಲೇ, ಬಾರೇ ಇಲ್ಲಿ! ಸಿಕ್ತು!"

ಒದ್ದೆ ಕೈಯಲ್ಲೇ ಓಡಿದೆ.

"ನೋಡು, ಅಕ್ಷರ ಎಲ್ಲಾ ಎರಡೆರಡು. ಅಚ್ಚು ಎರಡು ಸಲ ಬಿದ್ದಿದೆ!"

ಭೂತಗನ್ನಡಿ ಇಸಿದುಕೊಂಡು ನೋಡಿದೆ. "ಒಂದೇ ಇದೆಯಲ್ರೀ."

"ನಿಂಗೆ ನೋಡೋಕೆ ಬರಲ್ಲ, ಬಿಡು" ಎಂದು ಕಿತ್ತುಕೊಂಡು ಇನ್ನೊಂದು ನಾಣ್ಯ ಎತ್ತಿದರು. "ಅಯ್ಯೋ, ಇದೂ ಅಂಥದ್ದೇ ಕಣೇ!"

ನನ್ನ ಪರ್ಸಿನಿಂದ ಒಂದು ತೆಗೆದು ಮುಂದಿಟ್ಟೆ. "ಇದನ್ನ ನೋಡಿ."

"ಇದೂ..." ಅವರ ದನಿ ಅರ್ಧಕ್ಕೇ ನಿಂತಿತು.

"ಟಂಕಸಾಲೆಯೋರೆಲ್ಲ ನಿದ್ದೆ ಹೊಡೀತಿದ್ರೇನ್ರೀ?" ಎಂದು ನಗಲು ಹೋದೆ, ನಗು ಬರಲಿಲ್ಲ.

ಅವರು ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟರು. "ಗಡಿಯಾರದ ಮುಳ್ಳೂ ಹಿಂಗೇ ಕಾಣ್ತವೆ ಕಣೇ. ತುಂಬ ದಿನ ಆಯ್ತು. ಇದೊಂದು ನಾಣ್ಯ ಆದ್ರೂ ನಿಜವಾಗ್ಲೂ ಹಂಗೇ ಇರ್ಲಿ ಅಂದ್ಕೊಂಡೆ. ಅದಕ್ಕೇ ನಿನ್ನ ಕೂಗಿದ್ದು. 'ಹೌದು ರೀ, ಎರಡಿದೆ' ಅಂತೀಯೇನೋ ಅಂತ."

ಸಿಟ್ಟು, ಅಳು ಒಟ್ಟಿಗೇ ಬಂತು. "ಇಷ್ಟು ದಿನ ಹೇಳೋಕೇನು ಧಾಡಿ ನಿಮಗೆ? ಕಟ್ಕೊಂಡೋಳು ಅಂತ ಯಾಕಿದೀನಿ ನಾನು?" ಎಂದು ಚೆನ್ನಾಗಿ ಬೈದೆ. ಬೈಯುತ್ತಲೇ ಅಂಗಡಿಯ ಬಾಗಿಲೆಳೆದು ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಬೀದಿಯಲ್ಲಿ ಎಂದೂ ನನ್ನ ಕೈ ಹಿಡಿಯದ ಮನುಷ್ಯ ದಾರಿಯುದ್ದಕ್ಕೂ ಬಿಡಲಿಲ್ಲ.

"ಪೊರೆ ಬಂದಿದೆ. ತೆಗೆದ್ರೆ ಸರಿಹೋಗುತ್ತೆ, ಮೊದಲಿನ ಹಾಗೇ ಕೆಲಸ ಮಾಡಬಹುದು" ಎಂದರು ಡಾಕ್ಟರು. ಹೋದ ಜೀವ ಬಂದಂತಾಯಿತು. ಇವರ ಮುಖ ಮಾತ್ರ ಮೆಟ್ಟಿಲಿಳಿಯುವಾಗಲೂ ಅರಳಲಿಲ್ಲ.

"ಇನ್ನೇನ್ರೀ ಯೋಚನೆ? ನಾನೂ ಎರಡೆರಡು ಕಾಣ್ತೀನಾ?" ಎಂದು ಕಿಚಾಯಿಸಿದೆ.

"ಹೂಂ" ಎಂದರು. "ಪೊರೆ ತೆಗೆದ್ರೆ ಒಬ್ಬಳು ಹೋಗಿಬಿಡ್ತಾಳಲ್ಲ ಅಂತಾನೇ ಬೇಜಾರು."