ಮೂಲೆ ಮಡಚಿದ ರಸೀದಿ

ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ಒಂದನ್ನು ಮಾತ್ರ ಬೀಗದಂಗಡಿಯ ಹುಡುಗಿ ಇನ್ನೊಂದು ಸಲ ಹೇಳು ಎಂದು ಕೇಳಿದವಳಲ್ಲ. ಏಳು ಬಾಗಿಲುಗಳ ಹಿಂದೆ ಅಡಗಿ ಕೂತ ಹೆಣ್ಣುಮಗಳೊಬ್ಬಳ ಕಥೆ ಅದು. ರಾಕ್ಷಸ ಕಾಡು ಮೇಡು ಅಲೆದು, ಕಂಡ ಕಂಡ ಹೊಸ್ತಿಲು ಮೂಸಿ ಸುಸ್ತಾಗಿದ್ದ. ಅವಳ ಸುಳಿವೇ ಇಲ್ಲ. ಆದರೆ ಆ ಬೀದಿಯಲ್ಲಿ ಒಬ್ಬಳು ಒಳ್ಳೆಯ ಮುದುಕಿ ಇದ್ದಳು. ದಿನಾ ಬೆಳಗ್ಗೆ ಮುಚ್ಚಿದ ಬಾಗಿಲ ಮುಂದೆ ನಿಂತು, ಚೆನ್ನಾಗಿದ್ದೀಯೇನೇ ಮಗಳೇ ಎಂದು ಕೂಗಿ ವಿಚಾರಿಸಿಕೊಳ್ಳುವಳು. ಒಂದು ದಿನ ಆ ಕೂಗು ರಾಕ್ಷಸನ ಕಿವಿಗೆ ಬಿತ್ತು.

"ಆ ಮುದುಕಿಗೆ ಗೊತ್ತಿರಲಿಲ್ವಾ ಅಜ್ಜಿ?" ಎಂದು ಹುಡುಗಿ ಹೊದಿಕೆಯೊಳಗಿಂದ ಕೇಳಿದ್ದಳು.

"ಗೊತ್ತಿದ್ದಿದ್ರೆ ಕಥೆ ಎಲ್ಲಿರೋದು? ಮಲಗು."

ಈಗ ಅವಳಿಗೆ ಇಪ್ಪತ್ತಮೂರು. ಅಜ್ಜಿ ಇಟ್ಟ 'ಗಾಳಿಗೋಪುರ' ಎಂಬ ಅಡ್ಡಹೆಸರು ಇನ್ನೂ ಅಂಟಿಕೊಂಡೇ ಇತ್ತು. ಕೂತಲ್ಲೇ ಕನಸು ಕಾಣುವವಳು, ಹಾಲು ಉಕ್ಕಿದರೂ ಅದರ ನೊರೆಯಲ್ಲಿ ಮೋಡ ಹುಡುಕುವವಳು ಎಂದು ಅಜ್ಜಿಯ ದೂರು. ಅಂಗಡಿ ಮುಂದೆ, ಮನೆ ಹಿಂದೆ. ನಡುವೆ ಒಂದು ಗೋಡೆ, ಒಂದು ಬಾಗಿಲು. ಮನೆಯ ಇನ್ನೊಂದು ಬಾಗಿಲು ಪಕ್ಕದ ಓಣಿಗೆ ತೆರೆಯುತ್ತಿತ್ತು. ಅಪ್ಪನನ್ನು ಬೀದಿಯೆಲ್ಲ ಬೀಗದಣ್ಣ ಎನ್ನುತ್ತಿತ್ತು. ಮೂವತ್ತು ವರ್ಷ ಬೀಗ ಹಾಕಿ, ಬೀಗ ಬಿಡಿಸಿ, ಬೀಗದ ಕೈ ಕಡಿದು ಆತನ ಬೆರಳ ತುದಿಗಳು ಹಿತ್ತಾಳೆ ಬಣ್ಣಕ್ಕೆ ತಿರುಗಿದ್ದವು. ಮಾತು ಮಾತ್ರ ಮುತ್ತಿಗಿಂತ ತುಟ್ಟಿ.

ಮುಖ್ಯರಸ್ತೆಯಲ್ಲಿ ದೊಡ್ಡ ಅಂಗಡಿಯೊಂದು ತೆರೆದ ಮೇಲೆ ಬೀಗದಣ್ಣನ ಕಡೆಗೆ ಬರುವವರು ಕಡಿಮೆಯಾಗಿದ್ದರು. ಹುಡುಗಿ ಸುಮ್ಮನೆ ಕೂರಲಿಲ್ಲ. ಸಣ್ಣ ಅಂಗಡಿಯವರಿಗಾಗಿ ನಡೆದ ಎರಡು ದಿನದ ತರಗತಿಗೆ ಹೋಗಿ ಬಂದಳು. ಗಿರಾಕಿ ಮೆಟ್ಟಿಲು ಇಳಿದ ಮೇಲೆಯೇ ನಿಜವಾದ ವ್ಯಾಪಾರ ಶುರುವಾಗುವುದು, ಅಲ್ಲಿಯವರೆಗೆ ನಡೆದದ್ದು ಬರೀ ಪರಿಚಯ ಎಂದು ಅಲ್ಲಿನ ಮೇಷ್ಟ್ರು ಹೇಳಿದ್ದರು. ಮೂರು ದಿನಕ್ಕೆ ಧನ್ಯವಾದ, ಮೂರು ತಿಂಗಳಿಗೆ ಕ್ಷೇಮಸಮಾಚಾರ, ವರ್ಷಕ್ಕೊಮ್ಮೆ ನೆನಪು. ಜೊತೆಗೆ, ಗಿರಾಕಿಯ ಅಭಿಪ್ರಾಯ ಕೇಳಲು ಇಪ್ಪತ್ತು ಪ್ರಶ್ನೆಗಳ ಒಂದು ಹಾಳೆ. ಹುಡುಗಿಗೆ ಅದರಲ್ಲಿ ವ್ಯಾಪಾರಕ್ಕಿಂತ ಹೆಚ್ಚಾಗಿ ಅಜ್ಜಿಯ ಅಕ್ಕರೆಯೇ ಕಂಡಿತು. ಹೋದವರನ್ನು ನೆನೆಸಿಕೊಂಡು ಹೇಗಿದ್ದೀರಿ ಎಂದು ಕೇಳುವುದಕ್ಕಿಂತ ಚೆಂದದ್ದು ಏನಿದೆ?

ಅಪ್ಪನ ಹೋದ ವರ್ಷದ ರಸೀದಿ ಪುಸ್ತಕಗಳನ್ನು ಕಪಾಟಿನಿಂದ ಇಳಿಸಿದಳು. ಒಂದೊಂದರಲ್ಲೂ ಕಾರ್ಬನ್ ಪ್ರತಿಗಳು, ಫೋನ್ ನಂಬರು, ಮನೆಯ ಗುರುತು. ಅಲ್ಲಲ್ಲಿ ಕೆಲವು ಪುಟಗಳ ಮೇಲಿನ ಮೂಲೆ ಒಳಕ್ಕೆ ಮಡಚಿತ್ತು, ಮಡಿಕೆಯ ಅಡಿಯಲ್ಲಿ ನಂಬರು ಅಡಗಿತ್ತು. ಅಪ್ಪನ ಅಶಿಸ್ತು ಎಂದುಕೊಂಡು ಅವಳು ಆ ಮೂಲೆಗಳನ್ನು ಉಗುರಿನಿಂದ ಉಜ್ಜಿ, ಒಂದೊಂದಾಗಿ ನೆಟ್ಟಗೆ ಮಾಡಿದಳು. ಆಮೇಲೆ ಎಲ್ಲ ನಂಬರುಗಳಿಗೂ ಅಂಗಡಿಯ ಫೋನಿನಿಂದ ಒಂದೇ ಮಾತು ಕಳಿಸಿದಳು: ನಮಸ್ಕಾರ, ಬೀಗದಣ್ಣನ ಅಂಗಡಿಯಿಂದ, ಹೋದ ವರ್ಷ ನಮ್ಮಿಂದ ನಿಮ್ಮ ಮನೆಗೆ ಹೊಸ ಬೀಗ ಹಾಕಿಸಿಕೊಂಡಿದ್ದಿರಿ, ಹೇಗಿದೆ? ಒಮ್ಮೆ ಬಂದು ಪುಕ್ಕಟೆ ಎಣ್ಣೆ ಬಿಟ್ಟು ಕೊಡುತ್ತೇವೆ.

ಮರುದಿನವೇ ಉತ್ತರಗಳು ಬಂದವು. ದರ್ಜಿಯೊಬ್ಬ ತನ್ನ ಬೀಗ ಹೆಂಡತಿಗಿಂತ ಹೆಚ್ಚು ಹಟ ಮಾಡುತ್ತದೆ, ಎರಡಕ್ಕೂ ಎಣ್ಣೆ ಸಿಗುತ್ತದೆಯೇ ಎಂದು ಕೇಳಿದ. ಒಂದು ಶಾಲೆಯವರು ಇಪ್ಪತ್ತು ಕಪಾಟುಗಳ ಬೀಗ ಬದಲಾಯಿಸಬೇಕು, ನಾಡಿದ್ದೇ ಬನ್ನಿ ಎಂದರು. ಅಪ್ಪ ಬಾಯಿ ಬಿಟ್ಟು ಹೊಗಳಲಿಲ್ಲ. ಅವಳ ತಟ್ಟೆಗೆ ತನ್ನ ಪಾಲಿನದನ್ನೂ ಸ್ವಲ್ಪ ಬಡಿಸಿದ, ಅಷ್ಟೆ. ಹುಡುಗಿಯ ಕಾಲು ನೆಲದ ಮೇಲಿರಲಿಲ್ಲ.

ಮೂರನೆಯ ದಿನ ಅಪ್ಪ ಸಲಕರಣೆ ಚೀಲ ಹೊತ್ತು ಶಾಲೆಗೆ ಹೋದ. ಮಧ್ಯಾಹ್ನ ಒಂದು ನಂಬರಿನಿಂದ ಎರಡೇ ಪದ ಬಂತು: ಯಾವ ಮನೆ?

ಪಾಪ, ಎರಡು ಮೂರು ಮನೆ ಇರುವವರೇನೋ ಎಂದುಕೊಂಡಳು. ಗಿರಾಕಿಯನ್ನು ಕಾಯಿಸಬಾರದು ಎಂದು ಮೇಷ್ಟ್ರು ಹೇಳಿದ್ದರಲ್ಲ, ಪುಸ್ತಕ ನೋಡಿ ತಟ್ಟನೆ ಬರೆದಳು: ಹಿಟ್ಟಿನ ಗಿರಣಿಯ ಹಿಂದಿನ ಬೀದಿ. ಅಲ್ಲಿಂದ ಮತ್ತೆ ಮಾತಿಲ್ಲ.

ಮೂರು ಗಂಟೆಯ ಹೊತ್ತಿಗೆ ಒಬ್ಬ ಗಂಡಸು ಅಂಗಡಿಗೆ ಬಂದ. ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ, ನೀಟಾಗಿ ಕತ್ತರಿಸಿದ ಉಗುರು. ಒಳಗೆ ಬರುವ ಮುಂಚೆ ಚಪ್ಪಲಿಯ ಮಣ್ಣನ್ನು ಕಾಲೊರಸಿಗೆ ತಿಕ್ಕಿ ತಿಕ್ಕಿ ಒರೆಸಿದ. ಇಷ್ಟು ಮರ್ಯಾದಸ್ಥ ಗಿರಾಕಿ ಆ ಮೆಟ್ಟಿಲು ಹತ್ತಿ ತಿಂಗಳುಗಳಾಗಿದ್ದವು. ಅವನು ಜೇಬಿನಿಂದ ಫೋನು ತೆಗೆದು ಅವಳೇ ಕಳಿಸಿದ ಮಾತುಗಳನ್ನು ಅವಳಿಗೇ ತೋರಿಸಿ, ಕೌಂಟರಿನ ಮೇಲೆ ಬೋರಲಾಗಿ ಇಟ್ಟ.

"ತುಂಬಾ ಒಳ್ಳೇ ಕೆಲಸ ಮಾಡಿದ್ರಿ ತಂಗಿ," ಎಂದ. "ಆ ಮನೆ ಕೀ ಕಳೆದುಹೋಗಿದೆ. ಇನ್ನೊಂದು ಬೇಕಿತ್ತು."

ದನಿ ಬೆಣ್ಣೆಯಂತಿತ್ತು. ಅವಳು ಬರೀ ಫೋನನ್ನು ನೋಡಿದಳು. ಅದರ ಬೆನ್ನಿಗೆ ಹಳದಿ ಹೂವಿನ ಚೀಟಿ ಅಂಟಿಸಿತ್ತು, ಅದರ ಪಕ್ಕದಲ್ಲಿ ಮಗುವೊಂದು ಪೆನ್ನಿನಿಂದ ಗೀಚಿದ ಬೆಕ್ಕಿನ ಮುಖ. ಗಾಜು ಅಡ್ಡಕ್ಕೆ ಸೀಳಿತ್ತು. ಅವನ ಅಂಗಿಯ ಜೇಬಿನಲ್ಲಿ ಇನ್ನೊಂದು ಫೋನು ಇತ್ತು.

ಕೇಳದಿದ್ದರೂ ಅವನೇ ಹೇಳಿದ. ಇದು ಹೆಂಡತಿಯ ಫೋನಂತೆ. ಅವಳು ಮರೆತು ಮನೆಯಲ್ಲೇ ಬಿಟ್ಟು ಹೋಗಿದ್ದಾಳಂತೆ. "ಒಂದು ವರ್ಷದಿಂದ ದಿನಾ ಚಾರ್ಜು ಮಾಡಿ ಇಟ್ಕೊಂಡಿದ್ದೀನಿ," ಎಂದ. "ಯಾರಾದ್ರೂ ಒಬ್ರು ವಿಚಾರಿಸಿಯೇ ವಿಚಾರಿಸ್ತಾರೆ ಅಂತ ಗೊತ್ತಿತ್ತು."

ಫೋನು ಮರೆತವರು ಮರುದಿನ ಹುಡುಕಿಕೊಂಡು ಬರುತ್ತಾರೆ, ವರ್ಷಗಟ್ಟಲೆ ಮರೆಯುವುದಿಲ್ಲ.

ರಸೀದಿ ಪುಸ್ತಕ ಕೌಂಟರಿನ ಮೇಲೆ ತೆರೆದೇ ಇತ್ತು. ಅವಳು ಉಜ್ಜಿ ನೆಟ್ಟಗೆ ಮಾಡಿದ ಮೂಲೆ ಮತ್ತೆ ತಾನಾಗಿಯೇ ಅರ್ಧ ಎದ್ದು ನಿಂತಿತ್ತು. ಅದರ ಕೆಳಗೆ ಅಪ್ಪನ ದುಂಡನೆಯ ಅಕ್ಷರದಲ್ಲಿ ಬೀದಿ, ಮನೆಯ ಗುರುತು, ಮೇಲ್ಮಹಡಿ, ಎರಡು ಬೀಗ, ಒಳಗಿನಿಂದ ಒಂದು ಅಗಳಿ. ಒಂದೇ ಬಾಗಿಲಿಗೆ ಯಾರು ಇಷ್ಟೆಲ್ಲ ಹಾಕಿಸುತ್ತಾರೆ?

ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡು, ಕೀ ನಂಬರು ಅಪ್ಪನಿಗೇ ಗೊತ್ತಿರುವುದು, ಕೇಳುತ್ತೇನೆ ಎಂದು ಅಂಗಡಿಯ ಫೋನು ಹಚ್ಚಿದಳು. ಗಿರಣಿ ಹಿಂದಿನ ಬೀದಿಯ ಮೇಲ್ಮಹಡಿಯವರ ಯಜಮಾನರು ಬಂದಿದ್ದಾರೆ, ಇನ್ನೊಂದು ಕೀ ಬೇಕಂತೆ ಎಂದಳು. ಆ ಕಡೆ ಸುತ್ತಿಗೆಯ ಸದ್ದು ನಿಂತಿತು.

"ಆ ಪುಟದ ಮೂಲೆ ಮಡಚಿತ್ತಾ?" ಅಪ್ಪ ಕೇಳಿದ.

"ಹೂಂ."

"ಅವನು ಎದುರಿಗೇ ಇದ್ದಾನಾ?"

"ಹೂಂ ಅಪ್ಪ."

ಅಪ್ಪ ಉಸಿರು ಎಳೆದುಕೊಂಡದ್ದು ಕೇಳಿಸಿತು. "ಹೆದರಿದ್ದು ತೋರಿಸಬೇಡ ಮಗಾ. ನಾನು ಅವಳ ಹತ್ರ ಹೋಗ್ತೀನಿ. ಮುಕ್ಕಾಲು ಗಂಟೆ ಬೇಕು. ಅಲ್ಲೀತನಕ ಅವನನ್ನ ಅಂಗಡಿ ಬಿಟ್ಟು ಕದಲೋಕೆ ಬಿಡಬೇಡ."

ಫೋನು ಇಟ್ಟಾಗ ಗೋಡೆ ಗಡಿಯಾರದಲ್ಲಿ ಮೂರು ಹತ್ತು.

ಮುಕ್ಕಾಲು ಗಂಟೆ. ಕಥೆಯಲ್ಲಾದರೆ ಬಾಚಣಿಗೆ ಎಸೆದರೆ ಕಾಡು ಏಳುತ್ತಿತ್ತು, ಕನ್ನಡಿ ಎಸೆದರೆ ಕೆರೆ ಹರಡುತ್ತಿತ್ತು. ಅವಳ ಕೈಯಲ್ಲಿದ್ದದ್ದು ಮೇಷ್ಟ್ರು ಕೊಟ್ಟ ಇಪ್ಪತ್ತು ಪ್ರಶ್ನೆಗಳ ಹಾಳೆ.

ಹಳೆಯ ಗಿರಾಕಿಗಳ ಅಭಿಪ್ರಾಯ ಬರೆದುಕೊಳ್ಳದೆ ಕೀ ಕೊಡುವ ಹಾಗಿಲ್ಲ, ಹೊಸ ಪದ್ಧತಿ ಎಂದು ಸ್ಟೂಲು ತೋರಿಸಿದಳು. ಅವನು ನಕ್ಕು ಕೂತ. ಕಾಲ ಮೇಲೆ ಕಾಲು ಹಾಕಲಿಲ್ಲ, ಕೈಗಳನ್ನು ಮಂಡಿಯ ಮೇಲೆ ಜೋಡಿಸಿಟ್ಟುಕೊಂಡ, ಪರೀಕ್ಷೆಗೆ ಓದಿಕೊಂಡು ಬಂದವನ ಹಾಗೆ. ನಮ್ಮ ಅಂಗಡಿಯ ವಿಷಯ ನಿಮಗೆ ಯಾರಿಂದ ತಿಳಿಯಿತು? ನಿಮ್ಮಿಂದಲೇ. ನಮ್ಮ ಸೇವೆಯಲ್ಲಿ ನಿಮಗೆ ಎಲ್ಲಕ್ಕಿಂತ ಇಷ್ಟವಾದದ್ದು ಯಾವುದು? ನೀವು ಯಾರನ್ನೂ ಮರೆಯೋದಿಲ್ಲ ಅನ್ನೋದು. ಅವಳು ಒಂದೊಂದು ಉತ್ತರವನ್ನೂ ಒಂದನೇ ತರಗತಿಯ ಮಕ್ಕಳಂತೆ ದಪ್ಪ ಅಕ್ಷರದಲ್ಲಿ ಬರೆದಳು. ಪೆನ್ನು ಬೆವರಿಗೆ ಜಾರುತ್ತಿತ್ತು. ಒಂಬತ್ತನೆಯ ಪ್ರಶ್ನೆಗೆ ಬರುವಷ್ಟರಲ್ಲಿ ಅವನ ನಗು ತೆಳ್ಳಗಾಗಿತ್ತು.

"ಸಾಕು ತಂಗಿ. ಮನೆ ಯಾವುದು ಅಂತ ಆ ಪುಸ್ತಕದಲ್ಲಿದೆ ಅಲ್ವಾ?"

ತನ್ನ ಮನೆ ಯಾವುದೆಂದು ಅಂಗಡಿಯವಳನ್ನು ಕೇಳುವವನು ಆ ಮನೆಯವನಲ್ಲ. ಅದು ಅವಳಿಗೆ ಗೊತ್ತಾಯಿತು. ಗೊತ್ತಾಯಿತೆಂದು ಅವನಿಗೂ ಗೊತ್ತಾಯಿತು. ಆದರೂ ಅವನು ದನಿ ಏರಿಸಲಿಲ್ಲ. ಎದ್ದು ಬಂದು ಕೌಂಟರಿನ ಮೇಲೆ ಬಾಗಿ, ಪುಸ್ತಕದ ಅಂಚಿನ ಮೇಲೆ ಒಂದು ಬೆರಳಿಟ್ಟ. ಅಷ್ಟೆ. ಆ ಒಂದು ಬೆರಳಿನಿಂದ ಪುಸ್ತಕ ಅವನ ಕಡೆಗೆ ಮೆಲ್ಲನೆ ತಿರುಗತೊಡಗಿತು.

ಅವಳ ಮೊಣಕೈಗೆ ಎಣ್ಣೆ ಡಬ್ಬಿ ತಾಗಿತು. ತಾಗಿತೋ, ತಾಗಿಸಿದಳೋ, ಆಮೇಲೆ ಯೋಚಿಸಿದರೂ ಹೇಳಲಾರಳು. ಪುಕ್ಕಟೆ ಬಿಡುತ್ತೇವೆಂದು ಊರಿಗೆಲ್ಲ ಸಾರಿದ್ದ ಎಣ್ಣೆ ಗಳಗಳ ಎಂದು ಪುಟದ ಮೇಲೆ ಹರಿಯಿತು. ಅಯ್ಯೋ ಎನ್ನುತ್ತ ಅವಳು ಕೀ ಕಡಿಯುವ ಮಿಷನ್ ಒರೆಸುವ ಕರಿ ಬಟ್ಟೆಯಿಂದ ಒರೆಸಿದಳು, ಎಷ್ಟು ಒರೆಸಿದಳೆಂದರೆ ಕಾರ್ಬನ್ ಅಕ್ಷರಗಳೆಲ್ಲ ಕಲಸಿ, ಹಾಳೆ ಹರಿದು ಬಟ್ಟೆಗೇ ಅಂಟಿಕೊಂಡು ಬಂತು.

ಅವನು ತನ್ನ ಬೆರಳನ್ನು ಕರವಸ್ತ್ರದಲ್ಲಿ ಒರೆಸಿಕೊಂಡ. ನಿಧಾನವಾಗಿ, ಒಂದೊಂದು ಗೆಣ್ಣನ್ನೂ.

"ಕೀ ಕಡಿದು ಕೊಡಿ," ಎಂದ. "ಬೀದಿ ಗೊತ್ತಿದೆ. ಬಾಗಿಲು ನಾನೇ ಹುಡುಕ್ಕೊಳ್ತೀನಿ."

ಗಡಿಯಾರದಲ್ಲಿ ಮೂರು ಮೂವತ್ತೈದು.

ಹಾಕಿದ ಪ್ರತಿ ಬೀಗದ ಮಾದರಿಯನ್ನೂ ನಾವು ಇಟ್ಟುಕೊಂಡಿರುತ್ತೇವೆ ಎಂದು ಸುಳ್ಳು ಹೇಳಿ ಅವಳು ಡ್ರಾಯರ್ ಎಳೆದಳು. ಒಳಗೆಲ್ಲ ಹಲ್ಲು ಕಡಿಯದ ಖಾಲಿ ಕೀಗಳು. ಮಿಷನ್ನಿನ ಒಂದು ಬಾಯಿಗೆ ಮಾದರಿ ಕಚ್ಚಿಸದೆ ಇನ್ನೊಂದು ಬಾಯಿಯಲ್ಲಿ ಹಲ್ಲು ಮೂಡುವುದಿಲ್ಲ. ಅವನು ಪಕ್ಕದಲ್ಲೇ ನಿಂತು ನೋಡುತ್ತಿದ್ದಾನೆ. ಡ್ರಾಯರಿನ ಮೂಲೆಯಲ್ಲಿ ಹಲ್ಲು ಕಡಿದ ಬೀಗದ ಕೈ ಇದ್ದದ್ದು ಒಂದೇ ಒಂದು. ಅದು ಅವರದೇ ಮನೆಯ ಓಣಿ ಬಾಗಿಲಿನದು. ಆ ಬಾಗಿಲ ಹಿಂದೆ, ಈ ಹೊತ್ತಿನಲ್ಲಿ, ಕಿವಿ ಮಂದವಾದ ಅಜ್ಜಿ ನಿದ್ದೆ ಮಾಡುತ್ತಿದ್ದಳು.

ಹುಡುಗಿ ಅದನ್ನೇ ಎತ್ತಿಕೊಂಡಳು.

ಮಿಷನ್ ಕಿರ್ರೆಂದು ಕೂಗಿತು. ಹಿತ್ತಾಳೆಯ ಪುಡಿ ಅವಳ ಮುಂಗೈ ಮೇಲೆ ಉದುರಿತು. ಒಂದು ಹಲ್ಲು ಕಡಿದು ನಿಲ್ಲಿಸಿ, ಬಿಸಿ ಆರಲಿ ಎನ್ನುವಳು. ಅರ ತೆಗೆದುಕೊಂಡು ಅಂಚು ಉಜ್ಜುವಳು, ಬೆಳಕಿಗೆ ಹಿಡಿಯುವಳು, ಮತ್ತೆ ಉಜ್ಜುವಳು. ಅವನ ಉಸಿರು ಅವಳ ಕಿವಿಯ ಹತ್ತಿರ ಬರುತ್ತಿತ್ತು, ಏಲಕ್ಕಿಯ ವಾಸನೆಯ ಉಸಿರು. ನಡುವೆ ಒಮ್ಮೆ, ತನ್ನ ಮಗುವಿಗೆ ಈಗ ಐದು ವರ್ಷ ತುಂಬಿರಬೇಕು ಎಂದು ಅವನು ಯಾರಿಗೋ ಹೇಳುವ ಹಾಗೆ ಹೇಳಿದ. ಅವಳು ಹಲ್ಲು ಎಣಿಸಿದಳು. ನಾಲ್ಕು ಗಂಟೆಗೆ ಎರಡು ನಿಮಿಷ ಇರುವಾಗ ಅವನು ಬಿಸಿಯಾರದ ಬೀಗದ ಕೈಯನ್ನು ಅವಳ ಬೆರಳಿನಿಂದ ಬಿಡಿಸಿಕೊಂಡು ಮೆಟ್ಟಿಲಿಳಿದು ಹೋದ. ಹೋಗುವಾಗಲೂ ಚಪ್ಪಲಿ ಒರೆಸಿದ.

ಅವಳು ಕೌಂಟರಿನ ಹಿಂದೆ ನೆಲಕ್ಕೆ ಕುಸಿದು, ಬಾಗಿಲು ತೆಗೆದೇ ಇದೆ, ಎದ್ದು ಹಾಕಬೇಕು ಎಂದುಕೊಳ್ಳುತ್ತಲೇ ಅಪ್ಪ ಬರುವವರೆಗೂ ಕೂತಿದ್ದಳು.

ಅಪ್ಪ ಬಂದಾಗ ಬೀದಿದೀಪ ಹತ್ತಿತ್ತು. ಅವನು ಹೇಳಿದ್ದು ಇಷ್ಟು. ತಾಯಿ ಮಗು ಈಗ ಬೇರೆ ಕಡೆ ಇದ್ದಾರೆ, ಅವಳ ಜೊತೆ ಕೆಲಸ ಮಾಡುವ ಹೆಂಗಸಿನ ಮನೆಯಲ್ಲಿ. ಬೀದಿ ಬಿಡಲು ಅವರಿಗೆ ಹತ್ತು ನಿಮಿಷವೂ ಹಿಡಿಯಲಿಲ್ಲ. ಬಾಗಿಲ ಹಿಂದೆ ಕಟ್ಟಿಟ್ಟ ಚೀಲವೊಂದು ವರ್ಷದಿಂದ ಸಿದ್ಧವಾಗಿಯೇ ಇತ್ತಂತೆ. ಗಂಡನ ಮನೆ ಬಿಟ್ಟು ಬರುವ ಒಂದು ವಾರ ಮುಂಚೆ ಆ ಮೇಲ್ಮಹಡಿಗೆ ಬೀಗ ಹಾಕಿಸಿದಾಗ ಅವಳ ಹತ್ತಿರ ಇದ್ದದ್ದು ಆ ಫೋನೊಂದೇ, ರಸೀದಿಗೂ ಅದರ ನಂಬರನ್ನೇ ಕೊಟ್ಟಿದ್ದಳು. ಬರುವ ದಿನ, ಅದರ ಜಾಡು ಹಿಡಿದು ಅವನು ಬರದಿರಲಿ ಎಂದು, ಬೇಕೆಂದೇ ಅಲ್ಲಿ ಬಿಟ್ಟು ಬಂದಿದ್ದಳು.

"ಅವನಿಗೆ ಹೇಗೆ ಗೊತ್ತಾಯ್ತು ಅಂತ ಅವರು ಕೇಳಿದ್ರಾ?" ಹುಡುಗಿ ಕೇಳಿದಳು.

"ಕೇಳಿದ್ಲು. ನನ್ನಿಂದ ಅಂದೆ."

"ಮೂಲೆ ಬಿಡಿಸಿದ್ದು ನಾನು ಅಪ್ಪ."

"ಮಡಚಿದ್ದು ಯಾಕೆ ಅಂತ ನಿನಗೆ ಹೇಳದವನು ನಾನು." ಅಪ್ಪ ಎಣ್ಣೆಯಾದ ಪುಸ್ತಕವನ್ನು ಎರಡು ಬೆರಳಲ್ಲಿ ಎತ್ತಿ ನೋಡಿದ. "ನಿನ್ನ ತಾತ ಕಲಿಸಿದ್ದು. ಹೆದರಿಕೊಂಡು ಬೀಗ ಹಾಕಿಸಿಕೊಂಡವರನ್ನ ಆಮೇಲೆ ವಿಚಾರಿಸಬಾರದು. ಎದುರಿಗೆ ಸಿಕ್ಕರೂ ಗುರುತು ಹಿಡೀಬಾರದು."

ಆಮೇಲೆ ಅವಳು ಬೀಗದ ಕೈಯ ವಿಷಯ ಹೇಳಿದಳು. ಅಪ್ಪ ಬೈಯುತ್ತಾನೆ ಎಂದುಕೊಂಡಿದ್ದಳು, ಬೈದಿದ್ದರೆ ಚೆನ್ನಾಗಿತ್ತು. ಅವನು ಡ್ರಾಯರು ಮುಚ್ಚಿ, ಸ್ಕ್ರೂಡ್ರೈವರು ತೆಗೆದುಕೊಂಡು ಓಣಿಯ ಬಾಗಿಲಿಗೆ ನಡೆದ. ಅವಳು ಬೆಳಕು ಹಿಡಿದಳು. ಹಳೆಯ ಬೀಗ ಬಿಚ್ಚಿ ಹೊಸದು ಕೂರಿಸಿದರು, ಅದರ ಮೇಲೊಂದು, ಒಳಗಿನಿಂದ ಒಂದು ಅಗಳಿ. ಕೆಲಸ ಮುಗಿದ ಮೇಲೆ ಅಪ್ಪ ಹೊಸ ರಸೀದಿ ಪುಸ್ತಕ ತೆರೆದು, ಯಾರ ಮನೆಗೆ ಮಾಡಿದರೂ ಬರೆಯುವ ಹಾಗೆ, ತನ್ನ ಮನೆಯ ಗುರುತು ಬರೆದ. ಪುಸ್ತಕವನ್ನು ಅವಳ ಕಡೆಗೆ ಸರಿಸಿದ. ಅವಳೇ ಮೂಲೆ ಮಡಚಿದಳು.

ಅಷ್ಟರಲ್ಲಿ ಅಂಗಡಿಯ ಫೋನು ಮಿನುಗಿತು. ಅದೇ ನಂಬರು.

ಹನ್ನೊಂದು ಬಾಗಿಲಿಗೆ ಹಾಕಿ ನೋಡಿದೆ ತಂಗಿ. ಯಾವುದಕ್ಕೂ ಹೊಂದಲಿಲ್ಲ. ನಾಳೆ ಬರ್ತೀನಿ.

ಅಪ್ಪ ಎರಡು ಸಲ ಓದಿದ. ಅಳಿಸಬೇಡ ಎಂದ. ಬೆಳಗ್ಗೆ ಅಂಗಡಿ ತೆಗೆಯುವ ಮುಂಚೆಯೇ ಆ ಹೆಣ್ಣುಮಗಳ ಜೊತೆ ಪೊಲೀಸ್ ಠಾಣೆಗೆ ಹೋಗುವುದು, ಇದನ್ನು ತೋರಿಸುವುದು ಎಂದೂ ಹೇಳಿದ. ಹೇಳುವಾಗ ಅವನ ಹಿತ್ತಾಳೆ ಬಣ್ಣದ ಬೆರಳು ಹೊಸ ಅಗಳಿಯ ಮೇಲೇ ಇತ್ತು.

ಒಳಮನೆಯಿಂದ ಅಜ್ಜಿ ಎದ್ದು ಕೂಗಿದಳು. ಕಿವಿ ಮಂದವಾದವರ ದೊಡ್ಡ ಗಂಟಲು, ಓಣಿಯ ತುದಿಯವರೆಗೂ ಕೇಳಿಸುವಂಥದ್ದು.

"ಲೇ ಗಾಳಿಗೋಪುರ, ಅಲ್ಲೇ ಇದ್ದೀಯೇನೇ?"

ಯಾವತ್ತೂ ಕೂತಲ್ಲಿಂದಲೇ ಓ ಎನ್ನುವವಳು ಅವತ್ತು ಓ ಎನ್ನಲಿಲ್ಲ. ಹೆಜ್ಜೆ ಸಪ್ಪಳವಾಗದಂತೆ ಒಳಗೆ ಹೋಗಿ, ಅಜ್ಜಿಯ ಬಾಯಿಯ ಮೇಲೆ ಮೆಲ್ಲಗೆ ಅಂಗೈ ಇಟ್ಟು, ಬಾಗಿಲ ಕಡೆಗೆ ಕಿವಿ ಕೊಟ್ಟು ಕೂತಳು.