ಬೂದಿ ಕೋಳಿಯ ಕಾಲು

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುವುದು ಗಾದೆ. ಈ ಮನೆಯಲ್ಲಿ ಇಬ್ಬರ ನಡುವೆ ಸಿಕ್ಕಿಕೊಂಡಿದ್ದು ಕೋಳಿಯ ಎರಡು ಕಾಲು.

ಹಿತ್ತಲಿನ ಬೂದಿ ಬಣ್ಣದ ಹೇಂಟೆ ಸೊಸೆಯದು. ಮರಿಯಾಗಿದ್ದಾಗ ಕಾಗೆಯ ಬಾಯಿಂದ ಬಿಡಿಸಿ ಸಾಕಿದ್ದಳು. ಅವಳು ಕರೆದರೆ ಓಡಿಬರುವ ಜೀವ ಆ ಮನೆಯಲ್ಲಿ ಅದೊಂದೇ. ಗಂಡನನ್ನು ಕರೆದರೆ ಅವನು ಮೊದಲು ಅಮ್ಮನ ಮುಖ ನೋಡುತ್ತಿದ್ದ. ಈಗ ಅದರ ಕಾಲಿಗೆ ಕಣ್ಣಿಗೆ ಕಾಣದ ನುಸಿ ಹತ್ತಿ, ಹುರುಪೆಗಳೆಲ್ಲ ಎದ್ದು, ಸುಣ್ಣ ಮೆತ್ತಿದ ಹಾಗೆ ದಪ್ಪಗಾಗಿ, ಕುಂಟತೊಡಗಿತ್ತು.

ಕುಂಟುವುದರಲ್ಲಿ ಅತ್ತೆಯೂ ಕಡಿಮೆಯಿರಲಿಲ್ಲ. ಮಂಡಿನೋವು. ಡಾಕ್ಟರ ಮಾತ್ರೆಗಿಂತ ಕೋಳಿಕಾಲಿನ ಸೂಪಿನ ಮೇಲೆ ಅವರಿಗೆ ನಂಬಿಕೆ. ಸೊಸೆಗೋ ಅಣಕಿಸುವ ಚಪಲ. ಒಂದು ದಿನ ಪಕ್ಕದ ಮನೆಯ ಟೈಲರಕ್ಕನ ಮುಂದೆ ಸೊಂಟದ ಮೇಲೆ ಕೈಯಿಟ್ಟು ಕುಂಟಿ ತೋರಿಸತೊಡಗಿದಳು.

"ಇದು ಕೋಳಿ... ಇದು ನಮ್ಮತ್ತೆ... ಈಗ ಹೇಳಕ್ಕ, ಇದ್ಯಾರು?"

ಟೈಲರಕ್ಕ ನಕ್ಕ ರಭಸಕ್ಕೆ ಬಾಯಲ್ಲಿದ್ದ ಗುಂಡುಸೂಜಿ ಉದುರಿತು. ಆಮೇಲೆ ಸೊಸೆಯ ಬೆನ್ನ ಹಿಂದೆ ನೋಡಿದವಳೇ ಬಾಯಿ ಹೊಲಿದುಕೊಂಡಳು. ಬಾಗಿಲಲ್ಲಿ ಅತ್ತೆ ನಿಂತಿದ್ದರು.

"ಚೆನ್ನಾಗಿ ಮಾಡ್ತೀಯ ಕಣಮ್ಮ," ಅಂದರು. ಅಷ್ಟೇ.

ಮರುದಿನ ಬೆಳಗ್ಗೆ ಅಪ್ಪಣೆಯಾಯಿತು. "ಆ ಕೊಳಕು ಕಾಲಿನದರ ಕತ್ತು ಮುರಿದು ಎಸಿ. ಉಳಿದವಕ್ಕೂ ಅಂಟುತ್ತೆ."

"ವಾಸಿ ಆಗುತ್ತೆ ಅತ್ತೆ, ಸ್ವಲ್ಪ ದಿನ ಕೊಡಿ. ನಿಮ್ಮ ಕಾಲಿಗೆ ಬೀಳ್ತೀನಿ."

ಅತ್ತೆ ಬಗ್ಗಿ ಕೋಳಿಯ ಕಾಲನ್ನೇ ನೋಡಿದರು. ತಮ್ಮ ಮಂಡಿ ನೀವಿಕೊಂಡರು. "ಸರಿ, ವಾಸಿ ಮಾಡು. ಆಮೇಲೆ ನೋಡೋಣ."

ಸಂಜೆಯಾದರೆ ಸೊಸೆ, "ಬೂದೀ... ಬಾರೇ ಬಂಗಾರೀ..." ಎಂದು ರಾಗ ಎಳೆಯುವಳು. ಕೋಳಿ ಬಂದು ಮಡಿಲೇರುವುದು. ಉಗುರುಬೆಚ್ಚಗಿನ ಸೋಪುನೀರಲ್ಲಿ ಕಾಲು ನೆನೆಸಿ, ಹಳೆ ಟೂತ್‌ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ, ಒರೆಸಿ, ವ್ಯಾಸಲೀನ್ ಮೆತ್ತುವಳು. ಹುರುಪೆಯನ್ನು ಕೀಳುವಂತಿಲ್ಲ, ರಕ್ತ ಬರುತ್ತದೆ, ತಾನಾಗಿ ಉದುರಬೇಕು. ಕೋಳಿ ಕೂರುವ ಕೋಲಿಗೂ ಎಣ್ಣೆ ಸವರಿದಳು.

ಡಬ್ಬಿ ಖಾಲಿಯಾದಾಗ ಅತ್ತೆಯೇ ತಮ್ಮದನ್ನು ತಂದುಕೊಟ್ಟರು. ಮಣೆ ಹಾಕಿಕೊಂಡು ಪಕ್ಕದಲ್ಲೇ ಕೂತರು.

"ಬೆರಳ ಸಂದಿ ಬಿಟ್ಟೆ ನೋಡು. ಅದ್ಹೇಗೆ ಕರೀತೀಯ ಅದನ್ನ? ಇನ್ನೊಂದ್ಸಲ ಕರಿ."

ಸೊಸೆ ಕರೆದು ತೋರಿಸಿದಳು. ಪಾಪ, ಮುದುಕಿ ಕರಗಿದ್ದಾಳೆ ಅಂದುಕೊಂಡಳು. ಅಣಕಿಸಿದ್ದಕ್ಕೆ ನಾಚಿಕೆಯೂ ಆಯಿತು.

ವಾರಗಳು ಕಳೆದವು. ಹಳೆಯದೆಲ್ಲ ಉದುರಿ ಕಾಲು ಮೇಣದಂತೆ ಹೊಳೆಯತೊಡಗಿದ ಮೇಲೆ ಒಂದು ಬೆಳಗ್ಗೆ ಸೊಸೆ ಮಹಡಿಯಲ್ಲಿ ಬಟ್ಟೆ ಒಣಗಹಾಕುತ್ತಿದ್ದಳು. ಹಿತ್ತಲಿನಿಂದ ತನ್ನದೇ ದನಿ ಕೇಳಿಸಿತು.

"ಬೂದೀ... ಬಾರೇ ಬಂಗಾರೀ..."

ಅದೇ ರಾಗ, ಅದೇ ಎಳೆತ. ಬಗ್ಗಿ ನೋಡಿದಳು. ಅತ್ತೆಯ ಒಂದು ಕೈ ಬೆನ್ನ ಹಿಂದಿತ್ತು. ಕೋಳಿ ಕುಂಟದೆ, ನೆಟ್ಟಗೆ ಓಡುತ್ತಿತ್ತು.

"ಬೂದೀ, ಬೇಡ!" ಎಂದು ಚೀರಿದಳು.

ಕೋಳಿ ನಿಂತಿತು. ಕತ್ತು ವಾರೆ ಮಾಡಿ ಎರಡೂ ದನಿಯನ್ನು ತೂಗಿತು. ಕೆಳಗಿನದರಲ್ಲಿ ಪ್ರೀತಿ ಹೆಚ್ಚಿತ್ತು.

ಸೊಸೆ ಮೆಟ್ಟಿಲಿಳಿದು ಬರುವಷ್ಟರಲ್ಲಿ ಅತ್ತೆ ಕತ್ತಿ ಒರೆಸುತ್ತಿದ್ದರು.

"ನಾನೂ ಚೆನ್ನಾಗಿ ಮಾಡ್ತೀನಿ, ಅಲ್ವಾ?" ಎನ್ನುತ್ತ ಎರಡು ಹಳದಿ ಕಾಲುಗಳನ್ನು ಅವಳ ಅಂಗೈಗಿಟ್ಟರು. ಇನ್ನೂ ಜಿಡ್ಡುಜಿಡ್ಡಾಗಿದ್ದವು. "ಸೂಪಿಗೆ ನೀರಿಡು. ಇವನ್ನು ನೀನೇ ತೊಳಿ ಕಣಮ್ಮ, ನಿನಗೆ ಅಭ್ಯಾಸ. ಬೆರಳ ಸಂದಿ ಮರೀಬೇಡ."