ಶಾಸಕರಿಗಾಗಿ ಕಾದ ಕೋಡಿ

ನಾನು ಒಂದು ಕೋಡಿ. ಹೊನ್ನಗೊಂಡನಹಳ್ಳಿ ಕೆರೆಯ ಏರಿ ಮುಗಿಯುವ ಕಡೆ, ಏರಿಗಿಂತ ಎರಡು ಮೊಳ ತಗ್ಗಿನಲ್ಲಿ ನನ್ನನ್ನು ಕಟ್ಟಿದರು. ಕಲ್ಲುಕುಟಿಗರು ಚಪ್ಪಡಿ ಜೋಡಿಸಿ, ಗಾರೆ ಮೆತ್ತಿ, ಕೊನೆಯ ದಿನ ನನ್ನ ಮೇಲೆ ಕೂತು ಎಲೆಅಡಿಕೆ ಹಾಕಿಕೊಂಡು ಎದ್ದುಹೋದರು. ಕೆರೆ ತುಂಬಿ ಹೆಚ್ಚಾದ ನೀರು ನನ್ನ ಮೇಲೆ ಹರಿದು ಹಳ್ಳ ಸೇರಬೇಕು. ಇಷ್ಟೇ ನನ್ನ ಕೆಲಸ. ನಾನು ತೆರೆದಿದ್ದರೆ ಮಣ್ಣಿನ ಏರಿ ಉಳಿಯುತ್ತದೆ, ಏರಿ ಉಳಿದರೆ ಅದರ ಕೆಳಗಿನ ಕಾಲೊನಿಯ ನಲವತ್ತು ಮನೆಗಳು ಉಳಿಯುತ್ತವೆ. ಇದು ತಿಳಿಯಲು ಇಂಜಿನಿಯರಿಂಗ್ ಓದಬೇಕಿಲ್ಲ. ಓದಿದವರಿಗೇ ತಿಳಿಯಲಿಲ್ಲವಲ್ಲ, ಅದಕ್ಕೇ ನನಗೆ ಹೇಸಿಗೆ.

ಮೊದಲು ಊರಿನವರೇ ನನ್ನನ್ನು ನೋಡಿಕೊಳ್ಳುತ್ತಿದ್ದರು. ಆಮೇಲೆ ಕೆರೆ ನೀರಾವರಿ ಇಲಾಖೆಯ ಕೈಗೆ ಹೋಯಿತು. 'ಇದು ಸರ್ಕಾರಿ ಸ್ವತ್ತು' ಎಂದು ಫಲಕ ನೆಟ್ಟವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಕುಡುಕರು ನನ್ನ ಮೇಲೆ ಬಾಟಲಿ ಒಡೆದರು. ಕೋಳಿ ಅಂಗಡಿಯವನು ಪುಕ್ಕ, ಕರುಳು ತಂದು ಸುರಿದ. ಥೂ! ಕಾಲೊನಿಯ ಚಿಕ್ಕೀರಯ್ಯ ಒಬ್ಬನೇ ಬಂದು ಗಾಜು ಆಯ್ದು, ಮುಳ್ಳು ಸವರಿ ಹೋಗುತ್ತಿದ್ದ. ಹಿಂದೆ ಅವನು ಊರಿನ ನೀರಗಂಟಿ, ಗದ್ದೆಗಳಿಗೆ ನೀರು ಬಿಡುವವನು. ಇಲಾಖೆ ಆ ಕೆಲಸವನ್ನೇ ತೆಗೆದುಹಾಕಿದ್ದರೂ ಅವನು ಮಾತ್ರ ಬಿಟ್ಟಿರಲಿಲ್ಲ.

ಹೋದ ವರ್ಷ ಕೆರೆ ತುಂಬಿತು. ತುಂಬಿದ ಕೆರೆಗೆ ಮೊರದಲ್ಲಿ ಅರಿಶಿನ, ಕುಂಕುಮ, ಬಳೆ ಇಟ್ಟು ಬಾಗಿನ ಬಿಡುವುದು ಪದ್ಧತಿ. ಹಿಂದೆ ಊರ ಹೆಂಗಸರು ಬಿಡುತ್ತಿದ್ದರು, ಈಗ ಶಾಸಕರೇ ಬರಬೇಕು. ನಾನು ಹರಿಯತೊಡಗಿದ್ದು ಮಂಗಳವಾರ, ಅವರಿಗೆ ಬಿಡುವಿದ್ದದ್ದು ಶುಕ್ರವಾರ. ಇಲಾಖೆಯ ಇಂಜಿನಿಯರ್ ಮಹಾಶಯ ಮರಳಿನ ಚೀಲ ತರಿಸಿ ನನಗೆ ಅಡ್ಡಲಾಗಿ ಒಟ್ಟಿಸಿಬಿಟ್ಟ. ಶಾಸಕರು ಬಂದ ಮೇಲೆ ಚೀಲ ಎಳೆಯಬೇಕಂತೆ, ನೀರು ಅವರ ಕಣ್ಣೆದುರೇ ಧುಮುಕಬೇಕಂತೆ, ಫೋಟೊ ಚೆನ್ನಾಗಿ ಬರಬೇಕಂತೆ! ಹತ್ತಿರದಿಂದ ಕಾಣಲೆಂದು ವೇದಿಕೆಯನ್ನೂ ಹಳ್ಳದ ಅಂಚಿನಲ್ಲೇ ಹಾಕಿಸಿದ.

ಗುರುವಾರ ಮೇಲಿನ ಗುಡ್ಡದಲ್ಲಿ ಜೋರು ಮಳೆಯಾಯಿತು. ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ನೀರು ಏರಿಯ ತಲೆ ಮುಟ್ಟಲು ಒಂದು ಗೇಣಷ್ಟೇ ಉಳಿದಿತ್ತು. ಚಿಕ್ಕೀರಯ್ಯ ಏರಿಯ ಬುಡದಿಂದ ಏದುಸಿರು ಬಿಡುತ್ತ ಓಡಿಬಂದ.

"ಸ್ವಾಮಿ, ಬುಡದಾಗೆ ನೀರು ಜಿನುಗ್ತೈತೆ. ತಿಳಿನೀರಾಗಿದ್ರೆ ಸುಮ್ಕಿರ್ತಿದ್ದೆ, ಕೆಂಪುನೀರು ಬತ್ತಾ ಐತೆ! ಒಳಗೆ ಮಣ್ಣು ಕರಗ್ತಾ ಐತೆ. ಚೀಲ ತೆಗ್ಸಿ."

ಇಂಜಿನಿಯರ್ ಹೂವಿನ ಹಾರದಿಂದ ಕಣ್ಣು ತೆಗೆಯಲಿಲ್ಲ. "ಸಾಹೇಬ್ರು ಊಟ ಮುಗಿಸಿ ಹೊರಟಿದ್ದಾರೆ ಯಜಮಾನ್ರೇ. ಒಂದು ಗಂಟೆ ತಡ್ಕೊಳ್ಳಿ."

"ನಾನು ತಡ್ಕಂತೀನಿ, ಏರಿ ತಡ್ಕಂತದಾ? ಕೆಳಗೆ ನನ್ ಸೊಸೆ ಹಸುಗೂಸು ಮಲಗ್ಸವ್ಳೆ ಸ್ವಾಮಿ!"

ಇಂಜಿನಿಯರ್ ಫೋನ್ ಕಿವಿಗಿಟ್ಟುಕೊಂಡು ಅತ್ತ ತಿರುಗಿದ. ಚಿಕ್ಕೀರಯ್ಯ ಕುಡುಗೋಲು ಹಿಡಿದು ನನ್ನ ಮೇಲೆ ಇಳಿದೇಬಿಟ್ಟ. ಒಂದೊಂದೇ ಚೀಲ ಸೀಳಿದ. ಸುದ್ದಿ ತಿಳಿದ ಕಾಲೊನಿಯ ಹೆಂಗಸರು ಓಡಿಬಂದು ಉಳಿದವನ್ನು ಎಳೆದು ಬಿಸಾಡಿದರು. ನಾನು ಉಸಿರಾಡಿದೆ. ನೀರು ನುಗ್ಗಿ ಕೆಂಪು ಜಮಖಾನೆ, ಕುರ್ಚಿಗಳು, ಶಾಸಕರು ಕೈಮುಗಿದು ನಿಂತ ಫ್ಲೆಕ್ಸ್ ಎಲ್ಲವನ್ನೂ ಹೊತ್ತುಕೊಂಡು ಹೋಯಿತು. ನಲವತ್ತು ಮನೆಗಳು ಉಳಿದವು. ಇಂಜಿನಿಯರ್ ತಲೆಯ ಮೇಲೆ ಕೈಹೊತ್ತು ಕೂತ, ವೇದಿಕೆ ಹೋಯಿತೆಂದು.

ವಾರದೊಳಗೆ ಚಿಕ್ಕೀರಯ್ಯನಿಗೆ ನೋಟಿಸ್ ಬಂತು. ಸರ್ಕಾರಿ ಸ್ವತ್ತಿಗೆ ಧಕ್ಕೆ ತಂದಿದ್ದಾನೆ, ಇನ್ನು ಕೋಡಿಯ ಹತ್ತಿರ ಸುಳಿಯಕೂಡದು ಎಂದು. ಈ ಬೇಸಿಗೆಯಲ್ಲಿ ನನ್ನ ಮುದಿ ಕಲ್ಲುಗಳ ಮೇಲೆ ಏರಿಯಷ್ಟೇ ಎತ್ತರಕ್ಕೆ ಕಾಂಕ್ರೀಟ್ ಗೋಡೆ ಎಬ್ಬಿಸಿದರು. ಶಾಸಕರು ಯಾವಾಗ ಬಂದರೂ ಕೆರೆ ತುಂಬಿರಬೇಕಲ್ಲ! ಗೋಡೆಗೆ ನುಣ್ಣನೆಯ ಕರಿಕಲ್ಲು ಹಚ್ಚಿ, 'ಕೆರೆ ಸುರಕ್ಷತಾ ಕಾಮಗಾರಿ' ಎಂದು ಕೆತ್ತಿಸಿ, ಕೆಳಗೆ ಹದಿನಾಲ್ಕು ಜನರ ಹೆಸರು ಹಾಕಿದ್ದಾರೆ. ಆ ಕಲ್ಲನ್ನು ಹೊತ್ತು ನಿಲ್ಲಲು ನನಗೆ ಮೈಯೆಲ್ಲ ಅಸಹ್ಯವಾಗುತ್ತದೆ.

ಈಗ ಮಳೆಗಾಲ. ನೀರು ಗೋಡೆ ಮುಟ್ಟಿದೆ. ಏರಿಯ ಮೇಲೆ ನಿಂತವರು ಎಷ್ಟು ಚೆಂದ ಎಂದು ಫೋಟೊ ತೆಗೆದುಕೊಂಡು ಹೋಗುತ್ತಾರೆ. ಸಂಜೆಯಾಗುತ್ತಲೇ ಕೆಳಗಿನ ಜನ ಚಾಪೆ, ಕೂಸು, ಕೋಳಿ ಎತ್ತಿಕೊಂಡು ದಿಬ್ಬದ ಶಾಲೆಗೆ ಹತ್ತುತ್ತಾರೆ. ಮಳೆ ಹಿಡಿದಂದಿನಿಂದ ನಲವತ್ತು ಮನೆಗಳಲ್ಲಿ ಒಬ್ಬರೂ ತಮ್ಮ ಮನೆಯಲ್ಲಿ ಮಲಗಿಲ್ಲ.